ಸಂಬಳದ ಲೆಕ್ಕ ತೋರಿಸಬೇಕಾದವರು ಯಾರು?

ಈ ವಾರ ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ಆಫೀಸಿನಲ್ಲಿ ನಿಮ್ಮ ಪಕ್ಕದಲ್ಲೇ ಕೂತು ನಿಮ್ಮದೇ ಕೆಲಸ ಮಾಡೋರಿಗೆ ತಿಂಗಳಿಗೆ ಎಷ್ಟು ಸಂಬಳ ಅಂತ ಗೊತ್ತಾ? ಹೆಚ್ಚಿನವರಿಗೆ ಗೊತ್ತಿರಲ್ಲ. ಕೇಳೋದು ಮರ್ಯಾದೆ ಅಲ್ಲ ಅಂತ ನಾವೆಲ್ಲ ಅಂದುಕೊಂಡಿದ್ದೀವಿ.

ಈಗ ಇದನ್ನ ಕಾನೂನಿನ ಪಕ್ಕ ಇಟ್ಟು ನೋಡಿ. ಗಂಡಸಾಗಲಿ ಹೆಂಗಸಾಗಲಿ, ಒಂದೇ ಕೆಲಸಕ್ಕೆ ಒಂದೇ ಸಂಬಳ ಕೊಡಬೇಕು ಅನ್ನೋ ಕಾಯ್ದೆ ಬ್ರಿಟನ್‌ನಲ್ಲಿದೆ, ಅಮೆರಿಕದಲ್ಲಿದೆ, ಐಸ್‌ಲ್ಯಾಂಡ್‌ನಲ್ಲಿದೆ. ನಮ್ಮಲ್ಲೂ ಇದೆ. ಇವೆಲ್ಲ ಶುರುವಾಗಿ ಐವತ್ತು ವರ್ಷದ ಆಸುಪಾಸು, ಕೆಲವು ಇನ್ನೂ ಹಳೆಯವು. ಆದರೆ 'ನನಗೆ ಕಡಿಮೆ ಕೊಡ್ತಿದ್ದಾರೆ' ಅಂತ ದೂರು ಕೊಡಬೇಕಾದವಳು ಅವಳೇ. ಪಕ್ಕದವನ ಸಂಬಳವೇ ಗೊತ್ತಿಲ್ಲದವಳು ದೂರು ಕೊಡೋದು ಹೇಗೆ? ಇವತ್ತಿನ ಸಂಚಿಕೆ ಪೂರ್ತಿ ಈ ಒಂದು ಗಂಟಿನ ಬಗ್ಗೆ.

ಡಾಗೆನ್‌ಹ್ಯಾಮ್, 1968

ಲಂಡನ್ನಿನ ಪೂರ್ವ ಭಾಗದ ಡಾಗೆನ್‌ಹ್ಯಾಮ್‌ನಲ್ಲಿ ಫೋರ್ಡ್ ಕಂಪನಿಯ ದೊಡ್ಡ ಕಾರು ಕಾರ್ಖಾನೆ ಇತ್ತು. ಅಲ್ಲಿ ಸೀಟುಗಳ ಹೊದಿಕೆ ಹೊಲಿಯೋರು 187 ಹೆಂಗಸರು. ಕಂಪನಿ ಹೊಸದಾಗಿ ಕೆಲಸಗಳಿಗೆ ದರ್ಜೆ ಕೊಟ್ಟಾಗ ಇವರನ್ನು ಕಡಿಮೆ ಕೌಶಲದ 'ಬಿ' ದರ್ಜೆಗೆ ಹಾಕಿತು. ಅದರ ಮೇಲೆ, ಅದೇ ದರ್ಜೆಯ ಗಂಡಸರಿಗೆ ಸಿಗೋದರಲ್ಲಿ ಇವರಿಗೆ ಸಿಗ್ತಿದ್ದಿದ್ದು ಶೇ. 85 ಮಾತ್ರ.

1968ರ ಜೂನ್ 7ರಂದು ಅವರು ಮಷಿನ್ ನಿಲ್ಲಿಸಿ ಹೊರಗೆ ಬಂದರು. ಹೊದಿಕೆ ಇಲ್ಲದೆ ಸೀಟಿಲ್ಲ, ಸೀಟಿಲ್ಲದೆ ಕಾರಿಲ್ಲ. ಉತ್ಪಾದನೆ ನಿಂತೇ ಹೋಯ್ತು. ಮೂರು ವಾರದ ಕೊನೆಗೆ ಉದ್ಯೋಗ ಸಚಿವೆ ಬಾರ್ಬರಾ ಕಾಸಲ್ ಅವರನ್ನು ಕರೆಸಿ, ಟೀ ಕೊಟ್ಟು, ಮಾತಾಡಿದರು. ಕೂಲಿ ಗಂಡಸರ ಶೇ. 92ಕ್ಕೆ ಏರಿತು. 1970ರಲ್ಲಿ ಸಮಾನ ವೇತನ ಕಾಯ್ದೆಯೂ ಬಂತು, ಆದರೆ ಜಾರಿಯಾಗಿದ್ದು 1975ರ ಡಿಸೆಂಬರ್ 29ಕ್ಕೆ. ಕಂಪನಿಗಳು ಸಿದ್ಧವಾಗಲಿ ಅಂತ ಐದು ವರ್ಷದ ಕಾಲಾವಕಾಶ!

ಕಥೆ ಅಲ್ಲಿಗೆ ಮುಗಿಯಲ್ಲ. ಆ ಹೆಂಗಸರ ಮೂಲ ದೂರು ದರ್ಜೆಯ ಬಗ್ಗೆ ಇತ್ತು: ನಮ್ಮದು ಕೌಶಲದ ಕೆಲಸ ಅಂತ ಒಪ್ಪಿಕೊಳ್ಳಿ ಅಂತ. ಅದು ಸಿಕ್ಕಿದ್ದು 1984ರಲ್ಲಿ, ಇನ್ನೊಂದು ಮುಷ್ಕರದ ನಂತರ. ಹದಿನಾರು ವರ್ಷ!

ಇದು ನಮಗೆ ಹೊಸದೇನಲ್ಲ. ನಮ್ಮ ಹೊಲಗಳಲ್ಲಿ ಇವತ್ತಿಗೂ 'ಗಂಡಾಳು ಕೂಲಿ', 'ಹೆಣ್ಣಾಳು ಕೂಲಿ' ಅಂತ ಎರಡು ರೇಟು ಹೇಳ್ತಾರೆ. ಕೇಳಿದರೆ 'ಕೆಲಸವೇ ಬೇರೆ' ಅಂತಾರೆ. ಬೆಳಗಿಂದ ಸಂಜೆವರೆಗೆ ಬಗ್ಗಿ ಕಳೆ ಕೀಳೋದು ಹಗುರದ ಕೆಲಸ ಅಂತ ತೀರ್ಮಾನ ಮಾಡಿದ್ದು ಯಾರು? ಕೀಳೋರಂತೂ ಅಲ್ಲ.

ಅಲಬಾಮಾ, 1998

ಅಮೆರಿಕದಲ್ಲಿ ಸಮಾನ ವೇತನ ಕಾಯ್ದೆ ಬಂದಿದ್ದು 1963ರಲ್ಲಿ. 1979ರಲ್ಲಿ ಲಿಲಿ ಲೆಡ್‌ಬೆಟರ್ ಅನ್ನೋರು ಅಲಬಾಮಾದ ಗುಡ್‌ಇಯರ್ ಟೈರ್ ಕಾರ್ಖಾನೆಗೆ ಮೇಲ್ವಿಚಾರಕಿಯಾಗಿ ಸೇರಿದರು. ಹತ್ತೊಂಬತ್ತು ವರ್ಷ ದುಡಿದರು. ನಿವೃತ್ತಿ ಹತ್ತಿರ ಬಂದಾಗ ಯಾರೋ ಒಂದು ಚೀಟಿ ಇಟ್ಟು ಹೋಗಿದ್ದರು, ಹೆಸರಿಲ್ಲ, ಸಹಿಯಿಲ್ಲ. ಅದರಲ್ಲಿ ಇವರ ಮತ್ತು ಇದೇ ಹುದ್ದೆಯ ಗಂಡಸರ ಸಂಬಳ ಬರೆದಿತ್ತು.

ಆಮೇಲೆ ಕೋರ್ಟಿನಲ್ಲಿ ಅಂಕಿಗಳು ಹೊರಬಂದವು. 1997ರ ಕೊನೆಗೆ ಇವರ ತಿಂಗಳ ಸಂಬಳ 3,727 ಡಾಲರ್. ಅದೇ ಹುದ್ದೆಯಲ್ಲಿ ಅತಿ ಕಡಿಮೆ ಪಡೀತಿದ್ದ ಗಂಡಸಿಗೆ 4,286, ಅತಿ ಹೆಚ್ಚು ಪಡೀತಿದ್ದವನಿಗೆ 5,236. ಇದು ಬರೀ ಸಂಬಳದ ನಷ್ಟ ಅಲ್ಲ. ಸಂಬಳ ಕಡಿಮೆ ಅಂದ್ರೆ ಪಿಂಚಣಿಯೂ ಕಡಿಮೆ, ಜೀವ ಇರೋವರೆಗೂ.

ಕೆಳಗಿನ ಕೋರ್ಟಿನಲ್ಲಿ ಗೆದ್ದರು. 2007ರಲ್ಲಿ ಸುಪ್ರೀಂ ಕೋರ್ಟಿನಲ್ಲಿ 5-4ರ ತೀರ್ಪಿನಲ್ಲಿ ಸೋತರು. ಕಾರಣ ಏನು ಗೊತ್ತಾ? ಸಂಬಳ ಕಡಿಮೆ ಅಂತ ಕಂಪನಿ ನಿರ್ಧಾರ ಮಾಡಿದ 180 ದಿನದೊಳಗೆ ದೂರು ಕೊಡಬೇಕಿತ್ತಂತೆ. ಗುಟ್ಟಾಗಿಟ್ಟ ನಿರ್ಧಾರದ ಬಗ್ಗೆ 180 ದಿನದೊಳಗೆ ದೂರು! ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ತಮ್ಮ ಭಿನ್ನಮತವನ್ನು ಕೋರ್ಟಿನಲ್ಲೇ ಓದಿ ಹೇಳಿದರು. 2009ರ ಜನವರಿಯಲ್ಲಿ ಅಧ್ಯಕ್ಷ ಒಬಾಮಾ ಲೆಡ್‌ಬೆಟರ್ ಹೆಸರಿನದೇ ಕಾಯ್ದೆಗೆ ಸಹಿ ಹಾಕಿದರು. ಅದರ ಪ್ರಕಾರ ಪ್ರತಿ ಸಲ ಕಡಿಮೆ ಸಂಬಳ ಕೈಗೆ ಬಂದಾಗಲೂ ದೂರಿನ ಗಡುವು ಹೊಸದಾಗಿ ಶುರು. ಲೆಡ್‌ಬೆಟರ್‌ಗೆ ಮಾತ್ರ ಕಂಪನಿಯಿಂದ ಒಂದು ಪೈಸೆ ಬರಲಿಲ್ಲ.

ಐಸ್‌ಲ್ಯಾಂಡ್: ಒಂದು ದಿನದ ರಜೆ

ಐಸ್‌ಲ್ಯಾಂಡ್ 1961ರಲ್ಲೇ ಕಾನೂನು ಮಾಡಿತ್ತು, 1967ರ ಹೊತ್ತಿಗೆ ಸಂಬಳದ ಅಂತರ ಹಂತಹಂತವಾಗಿ ಹೋಗಬೇಕು ಅಂತ. ಹೋಗಲಿಲ್ಲ. 1975ರ ಅಕ್ಟೋಬರ್ 24ರಂದು ಆ ದೇಶದ ಸುಮಾರು ಶೇ. 90 ಹೆಂಗಸರು ಕೆಲಸ ಬಿಟ್ಟರು. ಆಫೀಸು, ಮೀನಿನ ಫ್ಯಾಕ್ಟರಿ ಮಾತ್ರ ಅಲ್ಲ, ಅಡುಗೆ, ಮಕ್ಕಳ ಆರೈಕೆ ಕೂಡ. 'ಮುಷ್ಕರ' ಅಂದರೆ ಕೆಲವರು ಹಿಂಜರೀತಾರೆ ಅಂತ ಅದಕ್ಕೆ 'ಮಹಿಳೆಯರ ರಜಾ ದಿನ' ಅಂತ ಹೆಸರಿಟ್ಟರು. ಅಪ್ಪಂದಿರು ಮಕ್ಕಳನ್ನು ಕರ್ಕೊಂಡು ಆಫೀಸಿಗೆ ಹೋದರು. ಬೇಗ ಬೇಯುತ್ತೆ ಅಂತ ಎಲ್ಲರೂ ಕೊಂಡು, ಅಂಗಡಿಗಳಲ್ಲಿ ಸಾಸೇಜ್ ಖಾಲಿ! ಐದು ವರ್ಷದ ನಂತರ ಅಲ್ಲಿನ ಜನ ವಿಗ್ಡಿಸ್ ಫಿನ್‌ಬೊಗಾಡೊಟಿರ್ ಅವರನ್ನು ಅಧ್ಯಕ್ಷೆಯಾಗಿ ಆರಿಸಿದರು. ಜಗತ್ತಿನಲ್ಲಿ ಜನರ ನೇರ ಮತದಿಂದ ಗೆದ್ದ ಮೊದಲ ಮಹಿಳಾ ಅಧ್ಯಕ್ಷೆ ಅವರು.

ನನಗೆ ಇದಕ್ಕಿಂತ ದೊಡ್ಡದು ಅನ್ನಿಸೋದು 2018ರ ಜನವರಿ 1ರಂದು ಜಾರಿಗೆ ಬಂದ ನಿಯಮ. 25 ಅಥವಾ ಹೆಚ್ಚು ನೌಕರರಿರೋ ಸಂಸ್ಥೆಗಳು 'ನಾವು ಸಮಾನ ವೇತನ ಕೊಡ್ತಿದ್ದೀವಿ' ಅಂತ ಹೊರಗಿನ ಪರಿಶೀಲಕರಿಂದ ಪ್ರಮಾಣಪತ್ರ ಪಡೀಬೇಕಿತ್ತು. ಮೂರು ವರ್ಷಕ್ಕೊಮ್ಮೆ ಅದನ್ನ ನವೀಕರಿಸಬೇಕಿತ್ತು. ಇಲ್ಲದಿದ್ದರೆ ದಿನದ ಲೆಕ್ಕದಲ್ಲಿ ದಂಡ ಇತ್ತು.

ನಾನು ಓದಿದ್ದು ಬಿಕಾಂ. ಆಡಿಟ್ ಪಾಠದಲ್ಲಿ ಮೊದಲು ಕಲಿಸೋದು ಇದನ್ನೇ: ಲೆಕ್ಕ ಸರಿ ಇದೆ ಅಂತ ತೋರಿಸೋ ಹೊಣೆ ಲೆಕ್ಕ ಇಟ್ಟವರದ್ದು. ಷೇರುದಾರ ಮೊದಲು ಮೋಸ ಸಾಬೀತು ಮಾಡಲಿ, ಆಮೇಲೆ ಪುಸ್ತಕ ತೋರಿಸ್ತೀವಿ ಅಂತ ಯಾವ ಕಂಪನಿಯೂ ಹೇಳೋಕಾಗಲ್ಲ. ಹಣ ಹಾಕಿದವರಿಗೆ ಇರೋ ಈ ಸೌಲಭ್ಯವನ್ನು ಐಸ್‌ಲ್ಯಾಂಡ್ ದುಡಿಯೋರಿಗೂ ಕೊಟ್ಟಿತು.

ನಮ್ಮ ಕಾಯ್ದೆ, ನಮ್ಮ ರಿಜಿಸ್ಟರ್

ಭಾರತದ ಸಂವಿಧಾನದ 39(ಡಿ) ವಿಧಿ ಸಮಾನ ಕೆಲಸಕ್ಕೆ ಸಮಾನ ವೇತನ ಅನ್ನುತ್ತೆ. ವಿಶ್ವಸಂಸ್ಥೆಯ ಮಹಿಳಾ ವರ್ಷವಾದ 1975ರಲ್ಲಿ ಸುಗ್ರೀವಾಜ್ಞೆ, 1976ರಲ್ಲಿ ಸಮಾನ ಸಂಭಾವನೆ ಕಾಯ್ದೆ ಬಂತು. ಮ್ಯಾಕಿನನ್ ಮೆಕೆಂಜಿ ಕಂಪನಿಯ ಸ್ಟೆನೋಗ್ರಾಫರ್ ಆಡ್ರಿ ಡಿಕೋಸ್ಟಾ, ಗಂಡಸು ಸ್ಟೆನೋಗಳಿಗಿಂತ ನನಗೆ ಕಡಿಮೆ ಕೊಟ್ಟಿದ್ದಾರೆ ಅಂತ ಹೋರಾಡಿದರು. ಯೂನಿಯನ್ ಜೊತೆ ಒಪ್ಪಂದ ಆಗಿದೆ, ಆ ಹೆಂಗಸರ ಹುದ್ದೆಯೇ ಬೇರೆ ಅಂತ ಕಂಪನಿ ವಾದಿಸಿತು. ಡಾಗೆನ್‌ಹ್ಯಾಮ್ ನೆನಪಾಯ್ತಾ? 1987ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಹುದ್ದೆಯ ಹೆಸರು ನೋಡಬೇಡಿ, ಮಾಡೋ ಕೆಲಸ ನೋಡಿ ಅನ್ನೋದು ಆ ತೀರ್ಪಿನ ಸಾರ. ಕಂಪನಿಗೆ ಹಣದ ತೊಂದರೆ ಇದೆ ಅನ್ನೋದೂ ನೆಪ ಆಗಲ್ಲ ಅಂದಿತು.

ಆ ಕಾಯ್ದೆಯಲ್ಲಿ ಒಂದು ಒಳ್ಳೆ ಅಂಶ ಇತ್ತು. ಗಂಡಸರೆಷ್ಟು, ಹೆಂಗಸರೆಷ್ಟು, ಯಾರಿಗೆ ಯಾವ ದರ ಅಂತ ಮಾಲೀಕರು 'ಫಾರಂ ಡಿ' ಅನ್ನೋ ರಿಜಿಸ್ಟರ್ ಇಡಬೇಕಿತ್ತು. ಅಂದ್ರೆ ಲೆಕ್ಕ ಇತ್ತು. ಆದರೆ ಅದು ತೆರೆಯೋದು ಇನ್‌ಸ್ಪೆಕ್ಟರ್ ಬಂದಾಗ, ನೌಕರಳು ಕೇಳಿದಾಗ ಅಲ್ಲ. ಆ ಕಾಯ್ದೆ ಈಗ 2019ರ ವೇತನ ಸಂಹಿತೆಯೊಳಗೆ ಸೇರಿಹೋಗಿದೆ. ಇನ್ನು ಮನೆಗೆಲಸ, ಕೃಷಿ ಕೂಲಿ ಮಾಡೋರ ಕೈಯಲ್ಲಿ ಸಂಬಳದ ಚೀಟಿಯೇ ಇರಲ್ಲ. ಅವರು ಯಾವುದನ್ನ ಯಾವುದಕ್ಕೆ ಹೋಲಿಸೋದು?

ಹಾಗಾದ್ರೆ ಐಸ್‌ಲ್ಯಾಂಡ್ ಗೆದ್ದುಬಿಟ್ಟಿತಾ? ಇಲ್ಲ. 2023ರ ಅಕ್ಟೋಬರ್ 24ರಂದು ಅಲ್ಲಿನ ಹೆಂಗಸರು ಮತ್ತೆ ದಿನಪೂರ್ತಿ ಕೆಲಸ ನಿಲ್ಲಿಸಿದರು. ಪ್ರಧಾನಿ ಕತ್ರಿನ್ ಯಾಕೊಬ್ಸ್‌ಡೊಟಿರ್ ಕೂಡ ಸೇರಿಕೊಂಡರು. ಪ್ರಮಾಣಪತ್ರ ನೋಡೋದು ಒಂದು ಕಂಪನಿಯ ಒಳಗಿನ ಅಂತರವನ್ನ. ಶುಚಿಗೊಳಿಸೋದು, ಮಕ್ಕಳನ್ನ ನೋಡಿಕೊಳ್ಳೋದು, ಇಂಥ ಹೆಚ್ಚಾಗಿ ಹೆಂಗಸರೇ ಮಾಡೋ ಕೆಲಸಗಳಿಗೆ ಇಡೀ ಸಮಾಜವೇ ಕಡಿಮೆ ಬೆಲೆ ಕಟ್ಟಿದ್ರೆ, ಅದು ಯಾವ ಕಂಪನಿಯ ಆಡಿಟ್‌ನಲ್ಲೂ ಕಾಣಲ್ಲ.

ಆದರೂ ದಿಕ್ಕು ಬದಲಾಗಿದೆ. ಐರೋಪ್ಯ ಒಕ್ಕೂಟ 2023ರಲ್ಲಿ ವೇತನ ಪಾರದರ್ಶಕತೆಯ ನಿರ್ದೇಶನ ಹೊರಡಿಸಿ, ಸದಸ್ಯ ದೇಶಗಳಿಗೆ 2026ರ ಜೂನ್ 7ರ ಗಡುವು ಕೊಟ್ಟಿದೆ. ಅದರ ಪ್ರಕಾರ ಕೆಲಸಕ್ಕೆ ಅರ್ಜಿ ಹಾಕಿದವರ ಹಳೆ ಸಂಬಳ ಕೇಳೋ ಹಾಗಿಲ್ಲ. ಈ ಹುದ್ದೆಗೆ ಎಷ್ಟು ಅಂತ ಕಂಪನಿಯೇ ಮೊದಲು ಹೇಳಬೇಕು.

ಆ ನಿಯಮ ನಮ್ಮಲ್ಲಿ ಇಲ್ಲ. ಆದರೆ ಕೇಳೋಕೆ ನಿಯಮ ಬೇಕಾಗಿಲ್ಲ. ಮುಂದಿನ ಇಂಟರ್‌ವ್ಯೂನಲ್ಲಿ ಎಚ್‌ಆರ್ 'ಈಗ ನಿಮಗೆಷ್ಟು ಸಂಬಳ?' ಅಂದಾಗ, 'ಈ ಹುದ್ದೆಗೆ ನೀವು ಎಷ್ಟರಿಂದ ಎಷ್ಟು ಇಟ್ಟಿದ್ದೀರಿ?' ಅಂತ ಕೇಳಿ ನೋಡಿ. ಏನು ಉತ್ತರ ಬಂತು ಅಂತ ನಮಗೂ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.