ಬಯಲುಸೀಮೆಯ ನೇರಳೆ: ಮಂಡ್ಯ, ಮದ್ದೂರು, ಮಳವಳ್ಳಿ ಭಾಗದ ಒಂದು ಕಾಡುಹಣ್ಣಿನ ಪೋಷಕಾಂಶ ವಿಚಾರ

ಉತ್ತರ ಯುರೋಪಿನ ಕಾಡುಗಳಲ್ಲಿ ತಾನೇತಾನಾಗಿ ಬೆಳೆಯುವ ಬಿಲ್‌ಬೆರಿ ಹಣ್ಣಿನ ಸಾರ ಇವತ್ತು ಗುಳಿಗೆಯಾಗಿ ಲೋಕವೆಲ್ಲ ಸುತ್ತುತ್ತಿದೆ. ಅದಕ್ಕೆ ಈ ಮರ್ಯಾದೆ ತಂದುಕೊಟ್ಟಿದ್ದು ಆಂಥೋಸಯಾನಿನ್ ಎಂಬ ನೀಲಿಗಪ್ಪು ಬಣ್ಣದ ವರ್ಗ. ಅದೇ ವರ್ಗದ ಬಣ್ಣ ನಮ್ಮ ಕೆರೆ ಏರಿಯ ನೇರಳೆಯ ಸಿಪ್ಪೆಯಲ್ಲೂ ಇದೆ. ಇವೆರಡು ಗಿಡಗಳಿಗೂ ಸಸ್ಯಶಾಸ್ತ್ರದ ನೆಂಟಸ್ತಿಕೆಯಿಲ್ಲ. ನೇರಳೆ ನೀಲಗಿರಿ, ಸೀಬೆಗಳ ಕುಟುಂಬದ ದೊಡ್ಡ ಮರ, ಬಿಲ್‌ಬೆರಿ ಮೊಣಕಾಲೆತ್ತರದ ಪೊದೆ. ಆದರೂ ಎರಡರ ಸುತ್ತಲೂ ಒಂದೇ ಬಗೆಯ ನಂಬಿಕೆಗಳು ಬೆಳೆದಿವೆ. ನೇರಳೆ ಉತ್ತಮ ಆಹಾರ. ಅದನ್ನು ಸಕ್ಕರೆ ಕಾಯಿಲೆಯ ಮದ್ದೆಂದು ಮಾರುವುದರಿಂದ ಹಣ್ಣಿಗೂ ರೋಗಿಗೂ ಅನ್ಯಾಯವಾಗುತ್ತದೆ ಎಂಬುದು ಈ ಲೇಖನದ ವಾದ.

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಬಹಳಷ್ಟು ಜಮೀನಿಗೆ ಕೃಷ್ಣರಾಜಸಾಗರದಿಂದ ವಿಶ್ವೇಶ್ವರಯ್ಯ ನಾಲೆಯ ನೀರು ಬರುತ್ತದೆ. ಮದ್ದೂರನ್ನು ಹಾದುಬರುವ ಶಿಂಷಾ ನದಿ ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿಯನ್ನು ಸೇರುತ್ತದೆ. ಬೇರಿನ ಬುಡದಲ್ಲಿ ನೀರು ನಿಂತರೂ ತಾಳಿಕೊಳ್ಳುವ ನೇರಳೆಗೆ ಹೊಳೆದಂಡೆ, ಕೆರೆಯಂಗಳ, ಗದ್ದೆಬದುಗಳು ಒಗ್ಗಿದ ಜಾಗ. ಮುತ್ತತ್ತಿಯ ಕಡೆ ಕಾವೇರಿ ದಂಡೆಯಲ್ಲಿ ಹೊಳೆಮತ್ತಿಯ ಜೊತೆ ನಿಂತ ಮರಗಳನ್ನು ಯಾರೂ ನೆಟ್ಟಿದ್ದಲ್ಲ. ಹಕ್ಕಿ, ಬಾವಲಿ, ಪ್ರವಾಹಗಳೇ ಬಿತ್ತಿದವು. ಮಾರುಕಟ್ಟೆಗೆ ಬರುವ ದಪ್ಪ ಜಂಬುನೇರಳೆ ತೋಟದ್ದು. ಬೀಜವೇ ದೊಡ್ಡದಾಗಿ, ತಿರುಳು ತೆಳುವಾಗಿ, ಒಗರು ಜಾಸ್ತಿಯಿರುವ ನಾಯಿನೇರಳೆಯೇ ಇಲ್ಲಿ ನಿಜವಾದ ಕಾಡುಹಣ್ಣು. ಮೃಗಶಿರಾ ಮಳೆಯಿಂದ ಆರಿದ್ರಾ ಮುಗಿಯುವವರೆಗೆ ಅದರ ಕಾಲ. ಜೋರು ಮಳೆ ಹೊಡೆದರೆ ಹಣ್ಣು ಬಿರಿದು ಉದುರುತ್ತದೆ, ಕಿತ್ತ ಹಣ್ಣು ಎರಡನೇ ದಿನಕ್ಕೆ ನೀರೊಡೆಯುತ್ತದೆ. ದೂರದ ಪೇಟೆಗೆ ಸಾಗಿಸುವಂಥದ್ದಲ್ಲವಾದ್ದರಿಂದ ಅದು ಮರದ ಹತ್ತಿರ ಇರುವವರ ಹಣ್ಣಾಗಿಯೇ ಉಳಿದಿದೆ.

ಅದರ ಬಣ್ಣದ ಗುಣವನ್ನು ಅಡುಗೆಮನೆಯಲ್ಲೇ ನೋಡಬಹುದು. ನಾಲ್ಕು ಹಣ್ಣನ್ನು ಕಿವುಚಿ ಬಿಳಿ ಬಟ್ಟಲಿಗೆ ರಸ ಸೋಸಿ, ನೀರು ಬೆರೆಸಿ ಎರಡು ಪಾಲು ಮಾಡಿ. ಒಂದಕ್ಕೆ ನಿಂಬೆರಸ ಹಿಂಡಿದರೆ ಬಣ್ಣ ಕೆಂಪಿಗೆ ತಿರುಗುತ್ತದೆ. ಇನ್ನೊಂದಕ್ಕೆ ಚಿಟಿಕೆ ಅಡುಗೆ ಸೋಡಾ ಉದುರಿಸಿದರೆ ನೀಲಿಗೆ ಹೊರಳಿ, ನೋಡನೋಡುತ್ತಲೇ ಹಸಿರು ಛಾಯೆಗೆ ಇಳಿಯುತ್ತದೆ. ಹುಳಿಯಲ್ಲಿ ಗಟ್ಟಿಯಾಗಿ ನಿಂತು ಕ್ಷಾರದಲ್ಲಿ ಕೆಡುವ ಈ ಚಂಚಲತೆ ಆಂಥೋಸಯಾನಿನ್‌ಗಳ ಹುಟ್ಟುಗುಣ. ಹುಳಿ ಕಡಿಮೆಯಿರುವ ಬಾಯಿಯಲ್ಲಿ ನಾಲಿಗೆ ಕೆಂಪಾಗದೆ ನೀಲಿಯಾಗುವುದೂ ಇದರಿಂದಲೇ. ನೇರಳೆಯಲ್ಲಿ ಮುಖ್ಯವಾಗಿ ಡೆಲ್ಫಿನಿಡಿನ್, ಪೆಟುನಿಡಿನ್, ಮಾಲ್ವಿಡಿನ್ ಎಂಬ ಮೂರು ಬಣ್ಣಗಳು ಎರಡೆರಡು ಗ್ಲುಕೋಸ್ ಕಣಗಳನ್ನು ಹೊತ್ತಿರುತ್ತವೆ. ಬಿಲ್‌ಬೆರಿಯಲ್ಲಿ ಈ ಮೂರರ ಜೊತೆ ಸಯಾನಿಡಿನ್, ಪಿಯೋನಿಡಿನ್ ಸೇರಿ, ಮೂರು ಬಗೆಯ ಸಕ್ಕರೆಗಳೊಂದಿಗೆ ಒಟ್ಟು 15 ರೂಪಗಳಾಗುತ್ತವೆ. ತಿಂದ ಬಣ್ಣವೆಲ್ಲ ರಕ್ತಕ್ಕೆ ಇಳಿಯುತ್ತದೆಂದು ತಿಳಿಯಬಾರದು. ಗುರುತು ಹಾಕಿದ ಇಂಗಾಲವಿದ್ದ ಸಯಾನಿಡಿನ್ ಅನ್ನು ಎಂಟು ಗಂಡಸರಿಗೆ ಕೊಟ್ಟು ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೇಹಕ್ಕೆ ಹತ್ತಿದ್ದು ಸುಮಾರು ಶೇ 12. ಅದರಲ್ಲೂ ಹೆಚ್ಚಿನದು ಕರುಳಿನ ಸೂಕ್ಷ್ಮಜೀವಿಗಳು ಒಡೆದ ಚೂರುಗಳ ರೂಪದಲ್ಲಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಕೋಷ್ಟಕದ ಪ್ರಕಾರ 100 ಗ್ರಾಂ ನೇರಳೆಯಲ್ಲಿ 62 ಕಿಲೋಕ್ಯಾಲರಿ, 14 ಗ್ರಾಂ ಶರ್ಕರಪಿಷ್ಟ, 15 ಮಿಲಿಗ್ರಾಂ ಸುಣ್ಣದಂಶ, 18 ಮಿಲಿಗ್ರಾಂ ಸಿ ಜೀವಸತ್ವ ಇದೆ. ಅಷ್ಟೇ ತೂಕದ ಬಾಳೆಹಣ್ಣಿನಲ್ಲಿ ಶರ್ಕರಪಿಷ್ಟ 27 ಗ್ರಾಂ. ಸಕ್ಕರೆ ಕಾಯಿಲೆಯವರು ಒಂದು ಹಿಡಿ ನೇರಳೆ ತಿನ್ನಬಹುದು ಎನ್ನುವುದಕ್ಕೆ ಈ ಲೆಕ್ಕವೇ ಸಾಕು, ಪವಾಡ ಬೇಕಿಲ್ಲ. ವಯಸ್ಕ ಹೆಂಗಸಿಗೆ ದಿನಕ್ಕೆ 65 ಮಿಲಿಗ್ರಾಂ ಸಿ ಜೀವಸತ್ವ ಬೇಕೆಂದು ಅದೇ ಸಂಸ್ಥೆಯ 2020ರ ಶಿಫಾರಸು ಹೇಳುತ್ತದೆ. 100 ಗ್ರಾಂ ಹಣ್ಣು ಅದರ ಕಾಲು ಭಾಗಕ್ಕಿಂತ ತುಸು ಹೆಚ್ಚು ಕೊಡುತ್ತದೆ. ಕೋಷ್ಟಕಗಳನ್ನು ಓದುವಾಗ ಎಚ್ಚರವಿರಬೇಕು. ಕವಳೆ ಹಣ್ಣಿನಲ್ಲಿ 39 ಮಿಲಿಗ್ರಾಂ ಕಬ್ಬಿಣವಿದೆ ಎಂದು ಬರೆಯುವವರಿದ್ದಾರೆ. ಆ ಅಂಕಿ ಒಣಗಿಸಿದ ಕವಳೆಯದು. ಹಸಿ ಕವಳೆಯ ತೂಕದಲ್ಲಿ ಶೇ 91 ನೀರು. ಒಣಹಣ್ಣಿನ ಅಂಕಿಯನ್ನು ಹಸಿಹಣ್ಣಿಗೆ ಅಂಟಿಸಿ ಬಸುರಿಯರಿಗೆ ಸಲಹೆ ಕೊಡುವುದು ಅಪಾಯದ ಕೆಲಸ.

ಔಷಧಿಯ ವಿಚಾರಕ್ಕೆ ಬರೋಣ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಿಮಾನ ಚಾಲಕರು ಬಿಲ್‌ಬೆರಿ ಜಾಮ್ ತಿಂದು ಕತ್ತಲಲ್ಲಿ ಚೆನ್ನಾಗಿ ಕಂಡರು ಎಂಬ ಕಥೆ ಬಹಳ ಕಾಲ ಓಡಾಡಿತು. ಹೋಲಿಕೆ ಗುಂಪಿಟ್ಟು ನಡೆಸಿದ ಪ್ರಯೋಗಗಳನ್ನೆಲ್ಲ ಕ್ಯಾಂಟರ್ ಮತ್ತು ಅರ್ನ್ಸ್ಟ್ ಎಂಬ ಸಂಶೋಧಕರು 2004ರಲ್ಲಿ ಜರಡಿ ಹಿಡಿದಾಗ ಅದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಅದೇ ವರ್ಷ ಬ್ರೆಜಿಲ್‌ನ ಸಂಶೋಧಕರು ನೇರಳೆ ಎಲೆಯ ಕಷಾಯವನ್ನು ಸಕ್ಕರೆ ಕಾಯಿಲೆಯ ಮಾತ್ರೆಯೊಂದರ ಜೊತೆ ಹೋಲಿಸಿ ನೋಡಿದರು. ಮಾತ್ರೆಯಿಂದ ಸಕ್ಕರೆ ಇಳಿಯಿತು, ಕಷಾಯದಿಂದ ಇಳಿಯಲಿಲ್ಲ. ಇಲಿಗಳ ಮೇಲೆ ಬೀಜದ ಸಾರ ಸಕ್ಕರೆ ಇಳಿಸಿದ ವರದಿಗಳು ಹಲವಿವೆ. ಇಲಿಗೆ ತೂಕದ ಲೆಕ್ಕದಲ್ಲಿ ಕೊಟ್ಟ ಸಾರಕ್ಕೂ ಬೆಳಿಗ್ಗೆ ಬಿಸಿನೀರಿಗೆ ಹಾಕಿಕೊಳ್ಳುವ ಒಂದು ಚಮಚ ಪುಡಿಗೂ ಬಹಳ ದೂರ. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆ 2023ರಲ್ಲಿ ತಿಳಿಸಿತು. ಪುಡಿಯನ್ನು ನಂಬಿ ಮಾತ್ರೆ ನಿಲ್ಲಿಸಿದವರ ಕಣ್ಣು, ಕಾಲು, ಮೂತ್ರಪಿಂಡಗಳಿಗೆ ಏನಾಗುತ್ತದೆ ಎಂದು ಬಲ್ಲವರು ಈ ವ್ಯಾಪಾರವನ್ನು ಸುಮ್ಮನೆ ನೋಡುತ್ತ ಕೂರಲಾರರು.

ವರ್ಷಕ್ಕೊಮ್ಮೆಯಾದರೂ ನೇರಳೆ ತಿನ್ನಬೇಕು, ಹೊಟ್ಟೆಗೆ ಹೋದ ಕೂದಲು ಕರಗುತ್ತದೆ ಎಂದು ನಮ್ಮ ಅಜ್ಜಿಯರು ಹೇಳುತ್ತಾರೆ. ಕೂದಲನ್ನು ಕರಗಿಸುವ ಶಕ್ತಿ ಯಾವ ಹಣ್ಣಿಗೂ ಇಲ್ಲ. ಆದರೆ ಆ ಮಾತಿನ ನೆಪದಲ್ಲಿ ಮನೆಯ ಪ್ರತಿ ಮಗುವಿನ ಬಾಯಿಗೂ ಕಾಲಕಾಲದ ಹಣ್ಣು ಬಿತ್ತು. ಆ ಮಾತಿಗೆ ನಾನು ಕೈಮುಗಿಯುತ್ತೇನೆ.

ಇನ್ನು ಒಗರು. ಅದು ಟ್ಯಾನಿನ್‌ನಿಂದ ಬರುತ್ತದೆ; ಟ್ಯಾನಿನ್ ಎಂಜಲಿನ ಪ್ರೋಟೀನನ್ನು ಹಿಡಿದುಕೊಳ್ಳುವುದರಿಂದಲೇ ಬಾಯಿ ಒಣಗಿದಂತಾಗುತ್ತದೆ. ಅದೇ ಟ್ಯಾನಿನ್ ಊಟದಲ್ಲಿನ ಸಸ್ಯಮೂಲದ ಕಬ್ಬಿಣವನ್ನೂ ಕಟ್ಟಿಹಾಕುತ್ತದೆ. ಮಂಡ್ಯದ ಊಟವೆಂದರೆ ಮುದ್ದೆ, ಉಪ್ಸಾರು, ಸೊಪ್ಪು. ರಾಗಿಯಲ್ಲಿ 100 ಗ್ರಾಮಿಗೆ 344 ಮಿಲಿಗ್ರಾಂ ಸುಣ್ಣದಂಶವಿದ್ದರೂ ಅದರ ಕಬ್ಬಿಣ, ಕಾಳಿನಲ್ಲೇ ಇರುವ ಫೈಟೇಟ್ ಎಂಬ ಅಂಶದ ದೆಸೆಯಿಂದ ಈಗಾಗಲೇ ಕಡಿಮೆ ಹತ್ತುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಶೇ 57 ಹೆಂಗಸರು ರಕ್ತಹೀನರು. ಆದ್ದರಿಂದ ಹೆಂಗಸರು, ಮಕ್ಕಳು ಊಟವಾದ ಕೂಡಲೇ ನೇರಳೆ ತಿನ್ನದೆ, ಸಂಜೆ ನಾಲ್ಕರ ಹೊತ್ತಿಗೆ ಉಪ್ಪು ಸವರಿ ತಿನ್ನುವುದು ಲೇಸು. ಕಬ್ಬಿಣ ಚೆನ್ನಾಗಿ ಹತ್ತಲು ಮುದ್ದೆಯ ಜೊತೆಗೆ ನಿಂಬೆ, ನೆಲ್ಲಿ ಇರಲಿ.

ಮರಗಳು ಉಳಿದರೆ ತಾನೇ ಇದೆಲ್ಲ. ಕಬ್ಬಿನ ಗದ್ದೆಯ ಬದುವಿನಲ್ಲಿ ನೆರಳು ಬೀಳುವ ಮರ ರೈತನಿಗೆ ನಷ್ಟವೆಂದು ಕಾಣುತ್ತದೆ, ಅವನನ್ನು ದೂರುವಂತಿಲ್ಲ. ಕೆರೆ ಏರಿಯ ಕೆಳಮಗ್ಗುಲು, ನಾಲೆಯಿಂದ ದೂರದ ಗೋಮಾಳ, ಶಾಲೆಯ ಹಿತ್ತಲು ಊರಿನ ಸಾರ್ವಜನಿಕ ಜಾಗಗಳು, ಅಲ್ಲಿ ನೆಡಬಹುದು. ನೇರಳೆ ಬೀಜ ಒಣಗಿದರೆ ಸಾಯುತ್ತದೆ, ಕೂಡಿಟ್ಟು ಮುಂದಿನ ವರ್ಷ ಬಿತ್ತಲಾಗದು. ಹಣ್ಣು ತಿಂದ ಒಂದೆರಡು ವಾರದೊಳಗೆ, ಆರಿದ್ರಾ ಮಳೆಯ ತೇವ ಇರುವಾಗಲೇ ನೆಲಕ್ಕೆ ಹಾಕಬೇಕು. ಬೀಜದ ಗಿಡ ಫಲಕ್ಕೆ ಬರಲು 8ರಿಂದ 10 ವರ್ಷ ಹಿಡಿಯುತ್ತದೆ. ಈ ವರ್ಷದ ಆಷಾಢದಲ್ಲಿ ನೆಟ್ಟರೆ, ಇವತ್ತು ಅಂಗನವಾಡಿಯಲ್ಲಿರುವ ಮಗು ಹೈಸ್ಕೂಲು ಮುಗಿಸುವುದರೊಳಗೆ ಅದರ ಹಣ್ಣು ತಿನ್ನಬಹುದು.