ಬೆಂಗಳೂರು ಎಫ್‌ಸಿ: ಯುವ ಆಟಗಾರರು ಮತ್ತು ಹಣಕಾಸು

ಬೆಂಗಳೂರು ಎಫ್‌ಸಿ ಜೆಎಸ್‌ಡಬ್ಲ್ಯು ಸಮೂಹವು 2013ರಲ್ಲಿ ಕಟ್ಟಿದ ಫುಟ್‌ಬಾಲ್ ಕ್ಲಬ್. ಇದರ ವಸತಿ ಅಕಾಡೆಮಿ ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿದೆ. ಮೀಸಲು ತಂಡದಿಂದ ಬೆಳೆದ ರೋಶನ್ ಸಿಂಗ್ 2021–22ರಲ್ಲಿ, ಶಿವಶಕ್ತಿ ನಾರಾಯಣನ್ 2022–23ರಲ್ಲಿ ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದರು.

ಭಾರತದಲ್ಲಿ ಟಿಕೆಟ್ ಹಣದಿಂದಷ್ಟೇ ಕ್ಲಬ್ ನಡೆಸುವುದು ಆಗದ ಮಾತು. ಮಾಲೀಕರ ಬಂಡವಾಳ ಮತ್ತು ಪ್ರಾಯೋಜಕರೇ ಮುಖ್ಯ ಆಧಾರ. ಐಎಸ್‌ಎಲ್ ನಡೆಯುವುದೇ ಅನಿಶ್ಚಿತವಾದಾಗ, 2025ರ ಆಗಸ್ಟ್‌ನಲ್ಲಿ ಕ್ಲಬ್ಬು ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳ ತಡೆಹಿಡಿಯಿತು. ಯುವ ತಂಡಗಳಿಗೂ ಫುಟ್‌ಬಾಲ್ ಶಾಲೆಗಳಿಗೂ ಇದು ತಟ್ಟದು ಎಂದು ಅದೇ ಪ್ರಕಟಣೆಯಲ್ಲಿ ಹೇಳಿತು. ಇಕ್ಕಟ್ಟಿನಲ್ಲಿ ಮಕ್ಕಳ ತರಬೇತಿಯೂ ಕಡಿತಕ್ಕೆ ಒಳಗಾಗಬಹುದಾದ್ದರಿಂದ ಈ ನಿಲುವು ಗಮನಾರ್ಹ.

ತರಬೇತಿಯ ಖರ್ಚಿನಲ್ಲಿ ಒಂದಿಷ್ಟನ್ನು ಮರಳಿ ಪಡೆಯಲು ಫಿಫಾ ನಿಯಮದಲ್ಲಿ ದಾರಿಯಿದೆ. ಒಪ್ಪಂದ ಮುಗಿಯುವ ಮೊದಲೇ ಆಟಗಾರನು ಹಣಕ್ಕೆ ವಿದೇಶಿ ಕ್ಲಬ್‌ಗೆ ವರ್ಗವಾದರೆ, ಆ ಮೊತ್ತದ ಶೇ 5ರಷ್ಟು 12ರಿಂದ 23ನೇ ವಯಸ್ಸಿನವರೆಗೆ ಅವನನ್ನು ಬೆಳೆಸಿದ ಕ್ಲಬ್‌ಗಳಿಗೆ ಹಂಚಿಕೆಯಾಗುತ್ತದೆ: 12ರಿಂದ 15ರವರೆಗೆ ವರ್ಷಕ್ಕೆ ಶೇ 0.25, ಬಳಿಕ ಶೇ 0.5. ಉದಾಹರಣೆಗೆ, ಕಾರವಾರದ ಅಥವಾ ಅಂಕೋಲೆಯ ಕ್ಲಬ್ಬೊಂದು ಹುಡುಗನನ್ನು ಆ ಮೊದಲ ನಾಲ್ಕು ವರ್ಷ ಆಡಿಸಿದ್ದು, ಮುಂದೆ ಅವನ ಅಂಥ ವರ್ಗಾವಣೆಗೆ 1 ಕೋಟಿ ರೂಪಾಯಿ ಬಂದರೆ, ಊರಿನ ಕ್ಲಬ್ಬಿನ ಪಾಲು 1 ಲಕ್ಷ. ಆ ವರ್ಷಗಳ ಅಧಿಕೃತ ನೋಂದಣಿ ಇದ್ದರಷ್ಟೇ ಈ ಹಕ್ಕು ಸಿಗುತ್ತದೆ.