ಬ್ರಿಜೆಟ್ ನಡೆಸಿದ ಸಂಸಾರ

ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ 1963ರ ಜೂನಿನಲ್ಲಿ ಐರ್ಲೆಂಡಿಗೆ ಹೋದಾಗ, ನ್ಯೂ ರಾಸ್ ಬಂದರಿನಲ್ಲಿ ನಿಂತು ತಮ್ಮ ಮುತ್ತಜ್ಜನನ್ನು ನೆನೆದರು. ಆತ ಪ್ಯಾಟ್ರಿಕ್ ಕೆನಡಿ, ವೆಕ್ಸ್‌ಫರ್ಡ್ ಸೀಮೆಯ ಡಂಗನ್ಸ್‌ಟೌನಿನ ಗೇಣಿದಾರ ರೈತನ ಮಗ. ಆದರೆ ಈ ವಂಶದ ಕಥೆ ಓದುವಾಗಲೆಲ್ಲ ನನ್ನ ಗಮನ ಹೋಗುವುದು ಮುತ್ತಜ್ಜಿ ಬ್ರಿಜೆಟ್ ಮರ್ಫಿಯ ಕಡೆಗೆ.

ಆಲೂಗಡ್ಡೆ ಬೆಳೆಗೆ ರೋಗ ತಗುಲಿ, ಐರ್ಲೆಂಡಿನಲ್ಲಿ ಮಹಾಕ್ಷಾಮ ಬಿದ್ದಿದ್ದ ಕಾಲ. ಇಬ್ಬರೂ ವೆಕ್ಸ್‌ಫರ್ಡಿನವರೇ ಆದರೂ ಮದುವೆಯಾದದ್ದು 1849ರಲ್ಲಿ, ಸಮುದ್ರದಾಚೆಯ ಬಾಸ್ಟನ್ನಿನಲ್ಲಿ. (ಪರಊರಿನಲ್ಲಿ ಊರಿನವರೇ ನೆಂಟರಾಗುವುದು ನಮಗೂ ಗೊತ್ತಿರುವ ಸಂಗತಿ.) ಪ್ಯಾಟ್ರಿಕ್ ಮರದ ಪೀಪಾಯಿ ಮಾಡುವ ಕೆಲಸ ಹಿಡಿದ. ಐದು ಮಕ್ಕಳಾದವು, ಒಂದು ಗಂಡುಮಗು ಎಳವೆಯಲ್ಲೇ ತೀರಿಕೊಂಡಿತು. 1858ರ ನವೆಂಬರಿನಲ್ಲಿ ಪ್ಯಾಟ್ರಿಕ್ ಕೂಡ ಹೋದ. ಕೊನೆಯ ಮಗನಿಗೆ ಆಗ ಹತ್ತು ತಿಂಗಳು.

ಕೈಯಲ್ಲಿ ಮೂವರು ಹೆಣ್ಣುಮಕ್ಕಳು, ಕಂಕುಳಲ್ಲೊಂದು ಕೂಸು. ಬ್ರಿಜೆಟ್ ಕಂಡವರ ಮನೆಗೆಲಸ ಮಾಡಿದಳು. ಆಮೇಲೆ ದಿನಸಿ, ಸೂಜಿ-ದಾರ ಮಾರುವ ಪುಟ್ಟ ಅಂಗಡಿಯೊಂದನ್ನು ತನ್ನದಾಗಿಸಿಕೊಂಡಳು. ಪ್ಯಾಟ್ರಿಕ್ ಅಮೆರಿಕದಲ್ಲಿ ಬಾಳಿದ್ದು ಹೆಚ್ಚೆಂದರೆ ಹತ್ತು ವರ್ಷ. ಉಳಿದ ಮೂವತ್ತು ವರ್ಷ ಸಂಸಾರ ತೂಗಿಸಿದವಳು ಇವಳು. ವಂಶವೃಕ್ಷದ ತುದಿಯಲ್ಲಿ ಗಂಡಸಿನ ಹೆಸರು ಬರೆದು ಮುಗಿಸಿದರೆ ಈ ಮೂವತ್ತು ವರ್ಷ ಎಲ್ಲಿಗೆ ಹೋಗಬೇಕು?

ಕಿರಿಮಗ ಪ್ಯಾಟ್ರಿಕ್ ಜೋಸೆಫ್ ಬಂದರಿನಲ್ಲಿ ಮೈಮುರಿದು ದುಡಿದ, ಮದ್ಯದಂಗಡಿ ಇಟ್ಟ, 1880ರ ದಶಕದಲ್ಲಿ ಮ್ಯಾಸಚೂಸೆಟ್ಸ್ ಶಾಸನಸಭೆಗೂ ಆರಿಸಿಬಂದ. ಅಷ್ಟನ್ನು ಬ್ರಿಜೆಟ್ ಕಣ್ಣಾರೆ ಕಂಡಳು. ಅವಳು ತೀರಿಕೊಂಡದ್ದು 1888ರ ಡಿಸೆಂಬರಿನಲ್ಲಿ. ಆಗ ಮನೆಯಲ್ಲಿ ಮೂರು ತಿಂಗಳ ಮೊಮ್ಮಗನಿದ್ದ. ಅವನೇ ಜೋಸೆಫ್, ಮುಂದೆ ಅಧ್ಯಕ್ಷ ಕೆನಡಿಯ ತಂದೆ.